ಆ ಧೂಳು ನಾನೇ ಹಚ್ಚಿದ್ದು

ಮಾನ್ಯ ಸಂಪಾದಕರೆ,

ಕಳೆದ ಭಾನುವಾರ ಹುಬ್ಬಳ್ಳಿಯಲ್ಲಿ ನಡೆದ ಹವ್ಯಾಸಿಗಳ ಪ್ರದರ್ಶನವೊಂದರಲ್ಲಿ ನನ್ನ ಗೂಡ್ಸ್ ರೈಲಿನ ಮಾದರಿಯನ್ನೂ ಇಟ್ಟಿದ್ದೆ. ಚಹಾ ಕುಡಿದು ಬರುವಷ್ಟರಲ್ಲಿ ಸ್ವಯಂಸೇವಕನೊಬ್ಬ ಏಳು ವ್ಯಾಗನ್‌ಗಳಲ್ಲಿ ಆರನ್ನು ಒದ್ದೆ ಬಟ್ಟೆಯಿಂದ ಒರೆಸಿ ಫಳಫಳ ಮಾಡಿಬಿಟ್ಟಿದ್ದ. ‘ಬಹಳ ಧೂಳು ಕೂತಿತ್ತು ಕಾಕಾ’ ಎಂದ. ಹುಡುಗನ ಮೇಲೆ ಸಿಟ್ಟಿಲ್ಲ. ಆ ಧೂಳು ಕೂರಿಸಲು ನನಗೆ ಎರಡು ತಿಂಗಳು ಹಿಡಿದಿತ್ತು, ಅಷ್ಟೇ.

ಮೂವತ್ತು ವರ್ಷ ಯಾರ್ಡಿನಲ್ಲಿ ವ್ಯಾಗನ್ ತಪಾಸಣೆ ಮಾಡಿದವನು ನಾನು. ಹೊಸಪೇಟೆ ಕಡೆಯ ಅದಿರು ಹೊತ್ತದ್ದು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಮುರ್ಮುಗೋವಾ ಬಂದರಿನಿಂದ ಕಲ್ಲಿದ್ದಲು ತಂದದ್ದು ಮಸಿ. ಸಿಮೆಂಟಿನ ವ್ಯಾಗನ್ ಬೂದಿ ಬಳಿದುಕೊಂಡ ಬೈರಾಗಿ. ತುಕ್ಕು ಕಂಡಕಂಡಲ್ಲಿ ಹಿಡಿಯುವುದಿಲ್ಲ. ಬಾಗಿಲಿನ ಕೀಲಿನಲ್ಲೋ ಲೋಡರ್ ತಾಗಿ ಬಣ್ಣ ಕಿತ್ತಲ್ಲೋ ಶುರುವಾಗಿ ಮಳೆನೀರಿನ ಜಾಡಿನಲ್ಲೇ ಇಳಿಯುತ್ತದೆ. ಚಕ್ರದ ಮೈಯೆಲ್ಲ ಕಂದು, ಹಳಿಯ ಮೇಲೆ ಉರುಳುವ ಪಟ್ಟಿ ಮಾತ್ರ ಕನ್ನಡಿ.

ಇದನ್ನೆಲ್ಲ 87ರಲ್ಲಿ ಒಂದು ಪಾಲಿನ ಅಳತೆಗೆ, ಹನ್ನೆರಡು ಸೆಂಟಿಮೀಟರ್ ಉದ್ದದ ವ್ಯಾಗನ್ ಮೇಲೆ ತರಬೇಕು. ನೀರಾಗಿಸಿದ ಕಪ್ಪು-ಕಂದು ಬಣ್ಣ ಬಳಿದು, ಒಣಗುವ ಮುನ್ನ ಮೇಲಿನಿಂದ ಕೆಳಕ್ಕೇ ಒರೆಸಬೇಕು. ಅಡ್ಡ ಒರೆಸಿದರೆ ಕೆಟ್ಟಿತು. ತುಕ್ಕಿನ ಚುಕ್ಕೆಗೆ ಪಾತ್ರೆ ತಿಕ್ಕುವ ಸ್ಪಂಜಿನ ಚೂರು ಸಾಕು. ಅಸಲಿ ಅದಿರಿನ ಪುಡಿಯನ್ನೂ ಒಮ್ಮೆ ಉದುರಿಸಿ ನೋಡಿದೆ. ಒಂದು ಮಿಲಿಮೀಟರಿನ ಹರಳು ಈ ಅಳತೆಯಲ್ಲಿ ಒಂಬತ್ತು ಸೆಂಟಿಮೀಟರಿನ ಕಲ್ಲಾಗಿ ಕೂತಿತು! ಕಡೆಗೆ ಚಿತ್ರಕಾರರ ಪೇಸ್ಟಲ್ ಕಡ್ಡಿ ಅರೆದು ಕುಂಚದಿಂದ ಹಚ್ಚಿದೆ. ಅದರ ಮೇಲೆ ಹೊಳಪಿಲ್ಲದ ವಾರ್ನಿಷ್ ಸಿಂಪಡಿಸಿದರೆ ಪುಡಿ ನಿಲ್ಲುತ್ತದೆ, ಆದರೆ ಅರ್ಧ ಮಾಯವೂ ಆಗುತ್ತದೆ. ಅದಕ್ಕೇ ಕೊನೆಯ ಪದರವನ್ನು ಹಾಗೇ ಬಿಟ್ಟಿದ್ದೆ. ಒದ್ದೆ ಬಟ್ಟೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಬಹುಮಾನ ಹೋದದ್ದು ಈಗಷ್ಟೇ ಡಬ್ಬಿಯಿಂದ ತೆಗೆದಂತಿದ್ದ ಎಂಜಿನ್ನಿಗೆ. ‘ಸ್ವಚ್ಛತೆ’ಗೆಂದೇ ಹತ್ತು ಅಂಕವಿತ್ತಂತೆ. ಸಂಘಟಕರಲ್ಲಿ ನನ್ನ ಮನವಿ ಇಷ್ಟೇ: ಮುಂದಿನ ಸಲ ಆ ಹತ್ತು ಅಂಕ ತೆಗೆದುಹಾಕಿ. ಆಗದಿದ್ದರೆ ತೀರ್ಪುಗಾರರನ್ನು ನಮ್ಮ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮಿನ ತುದಿಗೆ ಕಳುಹಿಸಿ. ಒಟ್ಟು 1507 ಮೀಟರ್, ನಡಿಗೆಯೂ ಆಗುತ್ತದೆ. ಅರ್ಧ ಗಂಟೆ ನಿಂತು ಹಾದುಹೋಗುವ ಗೂಡ್ಸ್ ನೋಡಲಿ.

ಉಳಿದ ಏಳನೆಯ ವ್ಯಾಗನ್ ಮೇಲೆ, ದುರಸ್ತಿಗೆ ಬೇರ್ಪಡಿಸುವಾಗ ನಾವು ಹಾಕುತ್ತಿದ್ದ ‘ಸಿಕ್’ ಗುರುತನ್ನು ಬಿಳಿ ಪೆನ್ಸಿಲಿನಲ್ಲಿ ಬರೆದಿದ್ದೆ. ಕೆಟ್ಟಿರಬೇಕೆಂದು ಹುಡುಗ ಅದನ್ನು ಮೇಜಿನ ಕೆಳಗೆ ಇಟ್ಟಿದ್ದ.

– ನಿವೃತ್ತ ರೈಲ್ವೆ ನೌಕರ, ಕೇಶ್ವಾಪುರ, ಹುಬ್ಬಳ್ಳಿ