ಯಾಣಕ್ಕೂ ರೊಕ್ಕವೇ ಆದ ಮೇಲೆ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ಇದೇ ಅಂಕಣದಲ್ಲಿ ಬೆಂಗಳೂರಿನ ಓದುಗರೊಬ್ಬರ ಪತ್ರ ಬಂದಿತ್ತು. ಯಾಣದ ಕಡೆಯ ಒಂದು ಹೋಂಸ್ಟೇಯಲ್ಲಿ ಎರಡು ರಾತ್ರಿ ಇದ್ದರಂತೆ. ದಿನಕ್ಕೆ ತಲೆಗೆ ಎರಡೂವರೆ ಸಾವಿರ. ಊಟಕ್ಕೆ ಪನ್ನೀರು, ಗೋಬಿ ಮಂಚೂರಿ. ಸಂಜೆ ಅಂಗಳದಲ್ಲಿ ಬೆಂಕಿ ಹಾಕಿ ಸ್ಪೀಕರಿನಲ್ಲಿ ಹಾಡು. ಮನೆಯ ಯಜಮಾನರು ಯಾರೆಂದು ಹೊರಡುವವರೆಗೂ ತಿಳಿಯಲಿಲ್ಲ, ಏಕೆಂದರೆ ಮನೆಯವರು ಅಲ್ಲಿ ಇರಲೇ ಇಲ್ಲ. ‘ಹಳ್ಳಿಯ ಅನುಭವ ಎಂದು ಹಣ ತೆಗೆದುಕೊಂಡರು, ಹಳ್ಳಿ ಎಲ್ಲಿತ್ತು?’ ಎಂದು ಅವರು ಕೇಳಿದ್ದರು.

ನಮ್ಮ ಕಡೆಯ ಹೋಂಸ್ಟೇಯವರ ವಾಟ್ಸಾಪ್ ಗುಂಪಿನಲ್ಲಿ ಆ ಪತ್ರದ ಚಿತ್ರ ಎರಡು ದಿನ ಓಡಾಡಿತು. ಹೆಚ್ಚಿನವರಿಗೆ ಸಿಟ್ಟು. ನನಗೆ ಸಿಟ್ಟು ಬರಲಿಲ್ಲ. ಅವರು ಕೇಳಿದ್ದು ಸರಿ. ಅವರ ಪರವಾಗಿ, ಮನೆಗೆ ಜನರನ್ನು ಕರೆದು ಉಳಿಸಿಕೊಳ್ಳುವವಳಾಗಿ, ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತವರು ಘಟ್ಟದ ಕೆಳಗೆ, ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯ ಊರು. ಕೊಟ್ಟಿದ್ದು ಘಟ್ಟದ ಮೇಲೆ, ಶಿರಸಿ ತಾಲ್ಲೂಕಿನ ಅಡಿಕೆ ತೋಟದ ಮನೆಗೆ. ಮಗ ಮಗಳು ಕೆಲಸ ಹಿಡಿದು ಊರು ಬಿಟ್ಟ ಮೇಲೆ ಮೆತ್ತಿನ, ಅಂದರೆ ಮಾಳಿಗೆಯ, ಎರಡು ಕೋಣೆ ಖಾಲಿ ಉಳಿದವು. ಅವುಗಳಲ್ಲಿ ಎಂಟು ವರ್ಷಗಳಿಂದ ಹೋಂಸ್ಟೇ ನಡೆಸುತ್ತಿದ್ದೇವೆ.

ಮೊದಲ ಎರಡು ವರ್ಷ ನಾನೂ ಅದೇ ತಪ್ಪು ಮಾಡಿದೆ. ಬುಕ್ಕಿಂಗ್ ಮಾಡಿಕೊಡುವ ಒಬ್ಬರು ಬಂದು ಮನೆಯೆಲ್ಲ ನೋಡಿ, ಕೊಟ್ಟಿಗೆ ವಾಸನೆ ಬರುತ್ತದೆ, ಮರೆ ಕಟ್ಟಿಸಿ ಎಂದರು. ತಂಬುಳಿ ಯಾರೂ ಕೇಳುವುದಿಲ್ಲ, ನಾರ್ತ್ ಇಂಡಿಯನ್ ಅಡುಗೆಗೆ ಜನ ಇಡಿ ಎಂದರು. ಇಟ್ಟೆ. ಬಂದವರಿಗೆ ಕಾಣದಂತೆ ತೋಟದ ಕೆಲಸವನ್ನು ಬೆಳಿಗ್ಗೆ ಬೇಗ ಮುಗಿಸಿಕೊಳ್ಳಲು ಆಳುಗಳಿಗೆ ಹೇಳಿದೆ. ಇಷ್ಟೆಲ್ಲ ಮಾಡಿದರೂ ಹೊರಡುವಾಗ ಬರುತ್ತಿದ್ದ ಮಾತು ಬಿಸಿನೀರು ಸಣ್ಣಗೆ ಬರುತ್ತದೆ, ವೈಫೈ ಇಲ್ಲ, ಇದೇ ದುಡ್ಡಿಗೆ ದಾಂಡೇಲಿಯಲ್ಲಿ ಈಜುಕೊಳ ಇರುವ ಕಡೆ ಸಿಗುತ್ತದೆ ಎಂಬುದು. ಅವರು ಹೇಳಿದ್ದೂ ಸುಳ್ಳಲ್ಲ. ರೆಸಾರ್ಟಿನ ತಕ್ಕಡಿಯಲ್ಲಿ ನನ್ನ ಮನೆಯನ್ನು ನಾನೇ ಇಟ್ಟಿದ್ದೆ.

ಮೂರನೇ ವರ್ಷ ಡಿಸೆಂಬರಿನಲ್ಲಿ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸದ, ನಡುವೆ ಮೈಸೂರಿನ ಒಂದು ಸಂಸಾರ ಬರುತ್ತೇವೆಂದಿತು. ಗಂಡ, ಹೆಂಡತಿ, ಅವರ ತಾಯಿ, ಹತ್ತನೇ ತರಗತಿಯ ಮಗಳು. ಕೊಯ್ಲು ಎಂದರೆ ನಮ್ಮಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಮರ ಹತ್ತಿ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟಿಕೊಂಡು ಕೊಯ್ದ ಕೊನೆ ಹಗ್ಗದಲ್ಲಿ ಇಳಿಯಬೇಕು, ಹೊತ್ತು ತರಬೇಕು, ರಾತ್ರಿಯೇ ಸುಲಿಯಬೇಕು, ಬೆಳಿಗ್ಗೆ ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರಿನ) ಹಂಡೆಗೆ ಹಾಕಿ ಬೇಯಿಸಬೇಕು. ನಿಮ್ಮನ್ನು ನೋಡಿಕೊಳ್ಳಲು ನನಗೆ ಪುರುಸೊತ್ತಾಗುವುದಿಲ್ಲ, ನಾವು ಉಂಡಿದ್ದೇ ನಿಮಗೂ, ಒಪ್ಪುವುದಾದರೆ ಬನ್ನಿ ಎಂದು ಫೋನಿನಲ್ಲೇ ಹೇಳಿದೆ. ಬಂದರು.

ರಾತ್ರಿ ಜಗುಲಿಯಲ್ಲಿ ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುತ್ತಿದ್ದರು. ಆ ಅಜ್ಜಿ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತರು. ಆಮೇಲೆ ಸೊಸೆ, ಆಮೇಲೆ ಹುಡುಗಿ. ಅಡಿಕೆ ಸುಲಿಯುವುದು ನೋಡಿದಷ್ಟು ಸುಲಭವಲ್ಲ. ಹುಡುಗಿ ಒಂದು ಗಂಟೆಯಲ್ಲಿ ಸುಲಿದದ್ದು ಒಂದು ಬೊಗಸೆ, ಅದರಲ್ಲೂ ಅರ್ಧಕ್ಕರ್ಧ ಕಚ್ಚು ಬಿದ್ದದ್ದು. ‘ಅಮ್ಮಾ, ಈ ತಂಗಿಗೆ ಕೂಲಿ ಕೊಡೂದಾ, ದಂಡ ಹಾಕೂದಾ?’ ಎಂದು ಒಬ್ಬಳು ಕೇಳಿದಳು. ಜಗುಲಿಗೆ ಜಗುಲಿಯೇ ನಕ್ಕಿತು. ಹನ್ನೊಂದು ಗಂಟೆಯವರೆಗೆ ಯಾರ ಮಗಳ ಬಾಣಂತನ, ಯಾವ ಮೇಳದ ಆಟ ಎಲ್ಲಿ, ಈ ಸಲದ ಕೊಳೆ ರೋಗದಲ್ಲಿ ಯಾರ ತೋಟ ಎಷ್ಟು ಹೋಯಿತು ಎಂಬ ಮಾತು. ಮೈಸೂರಿನ ಅಜ್ಜಿ ತಮ್ಮ ಊರಿನ ಹೊಗೆಸೊಪ್ಪಿನ ಕಥೆ ಹೇಳಿದರು. ಊಟಕ್ಕೆ ಇದ್ದದ್ದು ಅನ್ನ, ಮೊಗೆಕಾಯಿ ಹುಳಿ, ಒಂದೆಲಗದ ತಂಬುಳಿ, ಮಿಡಿ ಉಪ್ಪಿನಕಾಯಿ.

ಹೊರಡುವ ದಿನ ಆ ಯಜಮಾನರು ದುಡ್ಡು ಎಣಿಸಿ ಕೊಟ್ಟು, ನೀವು ಕಡಿಮೆ ತೆಗೆದುಕೊಳ್ಳುತ್ತಿದ್ದೀರಿ ಎಂದರು. ಅದೇ ಕೋಣೆ, ಅದೇ ಸಣ್ಣಗೆ ಬರುವ ಬಿಸಿನೀರು. ನಾನು ಮೈಮುರಿದು ಉಪಚಾರ ಮಾಡಿದಾಗ ಕೊರತೆ ಕಂಡಿತ್ತು. ನನಗೆ ಕೈ ಬಿಡುವಿಲ್ಲದಾಗ, ಬಂದವರು ನಮ್ಮ ಕೆಲಸದ ಒಳಗೆ ಕೂತಾಗ, ಕೊಟ್ಟ ದುಡ್ಡು ಕಡಿಮೆ ಎನಿಸಿತು. ಅಡುಗೆಯವರನ್ನು ಆ ವರ್ಷವೇ ಬಿಡಿಸಿದೆ. ಕೊಟ್ಟಿಗೆಯ ಮರೆಯನ್ನೂ ತೆಗೆಸಿದೆ.

ಕೆಲಸದ ಒಳಗೆ ಬರುವುದೇ ಬೇರೆ, ಕೆಲಸವನ್ನು ಆಟವಾಗಿ ಆಡಿಸುವುದೇ ಬೇರೆ. ಎರಡು ವರ್ಷದ ಹಿಂದೆ ಬಂದ ತಂಡವೊಂದು ಕೊನೆಗೌಡ ಮರ ದಾಟುವುದನ್ನು ವಿಡಿಯೊ ಮಾಡಿತು. ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಹತ್ತಿಸಿ, ಐನೂರು ಕೊಡುತ್ತೇವೆ ಎಂದರು. ಆತ ಅಂದು ಬೆಳಗಿನಿಂದ ಮರದ ಮೇಲಿದ್ದು ಆಗಷ್ಟೇ ಇಳಿದು ಕವಳ ಹಾಕಿ ಕೂತಿದ್ದ. ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಸೀಮೆಯ ಎಷ್ಟು ಊರುಗಳಲ್ಲಿಲ್ಲ? ಆಗುವುದಿಲ್ಲ ಎಂದೆ. ಅವರು ಮುಖ ದಪ್ಪ ಮಾಡಿಕೊಂಡು ಹೋದರು, ಎರಡೇ ನಕ್ಷತ್ರ ಕೊಟ್ಟು ಬರೆದರು. ಆ ನಕ್ಷತ್ರದಿಂದ ಒಂದಷ್ಟು ಬುಕ್ಕಿಂಗ್ ತಪ್ಪಿದ್ದೂ ಹೌದು. ಆದರೂ ನಾಳೆ ಯಾರಾದರೂ ಕೇಳಿದರೆ ನಾನು ಹೇಳುವುದು ಅದೇ ಮಾತು.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಅಣೆಕಟ್ಟನ್ನೇ ಕಾಣದೆ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ನನ್ನ ತವರಿನ ಹಿತ್ತಿಲ ಬದಿಯಲ್ಲಿ ಸಮುದ್ರ ಸೇರುತ್ತದೆ. 2024ರ ಜನವರಿಯಲ್ಲಿ ಆ ಅಳಿವೆಗೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು, 4,801 ಹೆಕ್ಟೇರ್. ಅಂದಿನಿಂದ ತವರಿಗೆ ಹೋದಾಗಲೆಲ್ಲ ಪ್ರವಾಸಿಗರ ದೋಣಿ ಹೆಚ್ಚಿದ್ದನ್ನು ನೋಡುತ್ತಿದ್ದೇನೆ. ಸಂತೋಷವೇ. ಆದರೆ ಕಳೆದ ಮೇ ತಿಂಗಳಲ್ಲಿ ಕಣ್ಣಾರೆ ಕಂಡದ್ದು ಮನಸ್ಸಿನಿಂದ ಹೋಗುತ್ತಿಲ್ಲ. ನೀರು ಇಳಿದಿತ್ತು. ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕೆಸರಿನಿಂದ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ದೋಣಿಯೊಂದು ಹತ್ತಿರ ಬಂದು ನಿಂತಿತು, ಏಳೆಂಟು ಫೋನುಗಳು ಎದ್ದವು. ಹೆಂಗಸರು ಮುಖ ಆಚೆ ತಿರುಗಿಸಿದರು. ಒದ್ದೆ ಸೀರೆಯಲ್ಲಿ ನಿಂತವರು ಇನ್ನೇನು ಮಾಡಬೇಕು? ದೋಣಿಯವನಿಗೆ ಬಾಡಿಗೆ ಸಿಕ್ಕಿತು, ಕರೆತಂದ ಹೊರಗಿನ ಏಜೆಂಟರಿಗೆ ಅದಕ್ಕಿಂತ ಹೆಚ್ಚು ಸಿಕ್ಕಿತು. ಅಳಿವೆ ಎಂದರೆ ಏನೆಂದು ತೋರಿಸಿದ ಆ ಹೆಂಗಸರಿಗೆ ಏನೂ ಸಿಗಲಿಲ್ಲ. ದೋಣಿಯಲ್ಲಿದ್ದವರಿಗಾದರೂ ಏನು ಸಿಕ್ಕಿತು? ಬೆನ್ನುಗಳ ಫೋಟೊ.

ನಾವು ಬಳಚು ತಿನ್ನುವವರಲ್ಲ. ಆದರೆ ಯಾವ ತಿಥಿಗೆ ನೀರು ಎಷ್ಟು ಇಳಿಯುತ್ತದೆ, ಯಾವ ಗಾತ್ರದ ಚಿಪ್ಪನ್ನು ಮರಿಯೆಂದು ಬಿಡಬೇಕು, ಅಳಿವೆ ದಂಡೆಯ ತಗ್ಗು ಗದ್ದೆಯಾದ ಗಜನಿಯ ಉಪ್ಪುನೀರಿನಲ್ಲೂ ನಿಲ್ಲುವ ಕಗ್ಗ ಭತ್ತವನ್ನು ಮೊಳಕೆ ಬರಿಸಿ ಹೇಗೆ ಬಿತ್ತುತ್ತಾರೆ ಎಂದು ಈ ಹೆಂಗಸರ ಬಾಯಿಂದಲೇ ಕೇಳಿ ಬೆಳೆದವಳು ನಾನು. ಅರ್ಧ ಗಂಟೆ ದಂಡೆಯಲ್ಲಿ ಕೂತು ಅವರು ಮಾತಾಡಿದರೆ ಕೇಳಿದವರು ಜನ್ಮದಲ್ಲಿ ಮರೆಯುವುದಿಲ್ಲ. ಆ ಅರ್ಧ ಗಂಟೆಗೆ ಅವರಿಗೆ ಕೂಲಿ ಸಿಗಬೇಕು. ಹೆಕ್ಕುವ ಹೊತ್ತಿನಲ್ಲಿ ಅವರ ಹತ್ತಿರ ದೋಣಿ ಹೋಗಬಾರದು. ಇದನ್ನು ಜಾರಿಗೆ ತರಲು ದೊಡ್ಡ ಯೋಜನೆ ಬೇಕಿಲ್ಲ. ಊರಿನ ಸ್ವಸಹಾಯ ಸಂಘದವರು, ದೋಣಿಯವರು, ಪಂಚಾಯಿತಿಯವರು ಒಂದು ದಿನ ಕೂತು ಮಾತಾಡಿದರೆ ಸಾಕು. ಕೇರಳದ ಕುಮರಕೋಮಿನಲ್ಲಿ 2008ರ ಹೊತ್ತಿಗೇ ಕುಟುಂಬಶ್ರೀ ಎಂಬ ಸ್ವಸಹಾಯ ಸಂಘಗಳ ಹೆಂಗಸರು ಬೆಳೆದ ತರಕಾರಿಯನ್ನು ಅಲ್ಲಿನ ಹೋಟೆಲುಗಳು ಕೊಳ್ಳುವ ಏರ್ಪಾಡು ಶುರುವಾಗಿತ್ತು. ನಾವು ಇನ್ನೂ ಪ್ರವಾಸಿ ತಾಣದ ಪ್ರವೇಶದ್ವಾರಕ್ಕೆ ಯಾವ ಬಣ್ಣ ಎಂಬ ಮಾತಿನಲ್ಲೇ ಇದ್ದೇವೆ.

ನಮ್ಮ ಮನೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಊಟ ತಿಂಡಿ ಸೇರಿ ದಿನಕ್ಕೆ ತಲೆಗೆ 1,800 ರೂಪಾಯಿ. ಅದರಲ್ಲಿ 300 ಬೆಟ್ಟ ಸುತ್ತಿಸುವ ನಮ್ಮೂರಿನ ಹೆಂಗಸಿಗೆ. ಆಕೆಗೆ ಗೊತ್ತಿರುವಷ್ಟು ಸೊಪ್ಪು, ಕಾಯಿ, ಹಕ್ಕಿ ನನಗೆ ಗೊತ್ತಿಲ್ಲ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಭಾಗದ ಕಾಡಿನಲ್ಲಿ ಜನ ಮರ ತಬ್ಬಿ ಕೊಡಲಿ ತಡೆದ ಅಪ್ಪಿಕೋ ಚಳವಳಿಯನ್ನು ಆಕೆ ಹೇಳುವ ರೀತಿಯೇ ಬೇರೆ. 200 ಅಡುಗೆಮನೆಯಲ್ಲಿ ಕೈಜೋಡಿಸುವವಳಿಗೆ. ಹಾಲು, ಮೊಸರು, ತರಕಾರಿ, ಜೋನಿ ಬೆಲ್ಲ ಊರಿನ ನಾಲ್ಕು ಮನೆಗಳಿಂದ, ಅದಕ್ಕೆ 250. ಉಳಿದದ್ದು ಮನೆಗೆ. ಈ ಲೆಕ್ಕವನ್ನು ಬರೆದು ಜಗುಲಿಯ ಗೋಡೆಗೆ ಹಚ್ಚಿದ್ದೇನೆ. ಮನೆಯ ಗುಟ್ಟು ಬೀದಿಗೆ ಹಾಕಬೇಡ ಎಂದು ಮೊದಲು ನಮ್ಮನೆಯವರಿಗೇ ಇಷ್ಟವಿರಲಿಲ್ಲ. ಹಚ್ಚಿದ ಮೇಲೆ ದರಕ್ಕೆ ಚೌಕಾಶಿ ಮಾಡುವವರು ತೀರಾ ಕಡಿಮೆಯಾದರು. ತಮ್ಮ ದುಡ್ಡು ಯಾರ ಮನೆಗೆ ಹೋಗುತ್ತದೆಂದು ತಿಳಿದವರಿಗೆ ಕೊಡುವ ಕೈ ಭಾರವಾಗುವುದಿಲ್ಲ.

ಇರುವುದನ್ನು ಇದ್ದ ಹಾಗೆ ಮೊದಲೇ ಹೇಳಬೇಕು, ಇದು ಹೋಂಸ್ಟೇ ನಡೆಸುವ ನನ್ನ ಬಳಗಕ್ಕೆ. ಜುಲೈಯಲ್ಲಿ ಬರುವವರಿಗೆ ಫೋನಿನಲ್ಲೇ ಹೇಳುತ್ತೇನೆ: ಉಂಬಳ (ಜಿಗಣೆ) ಹತ್ತುತ್ತವೆ, ಕರೆಂಟು ಮೂರು ದಿನ ಬರದೇ ಇರಬಹುದು, ಫೋನು ಮಾಡಬೇಕಾದರೆ ಗುಡ್ಡೆ ಹತ್ತಬೇಕು, ಜಲಪಾತ ಮಂಜಿನಲ್ಲಿ ಕಾಣದೇ ಹೋಗಬಹುದು. ಅರ್ಧದಷ್ಟು ಜನ ಬೇಡ ಎನ್ನುತ್ತಾರೆ. ಬರುವ ಉಳಿದರ್ಧ ಜನ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ನಡೆದು, ಬಚ್ಚಲ ಒಲೆಯ ಮುಂದೆ ಕೂತು ಮೈ ಬೆಚ್ಚಗೆ ಮಾಡಿಕೊಂಡು, ಹಲಸಿನ ಹಪ್ಪಳ ಕಡಿಯುತ್ತಾ ಇನ್ನೊಂದು ದಿನ ಉಳಿಯುತ್ತೇವೆ ಎನ್ನುತ್ತಾರೆ. ಅದೇ ಉಂಬಳ, ಹೇಳದೇ ಹತ್ತಿದರೆ ಮೋಸ ಅನ್ನಿಸುತ್ತದೆ.

ಅಧಿಕಾರಿಗಳಲ್ಲಿ ನನ್ನದು ಒಂದೇ ಕೋರಿಕೆ. ಮನೆಯವರು ಇಲ್ಲದ ಮನೆಯನ್ನು ಹೋಂಸ್ಟೇ ಎಂದು ಕರೆಯಲು ಬಿಡಬೇಡಿ. ಊರಿನ ಮನೆಯನ್ನು ಗುತ್ತಿಗೆಗೆ ಹಿಡಿದು, ಬೀಗದ ಕೈ ಆಳುಗಳಿಗೆ ಕೊಟ್ಟು, ಪೇಟೆಯಲ್ಲಿ ಕೂತು ನಡೆಸುವುದು ಲಾಡ್ಜು. ಲಾಡ್ಜು ನಡೆಸಲಿ, ತಕರಾರಿಲ್ಲ, ಬೋರ್ಡಿನಲ್ಲಿ ಲಾಡ್ಜು ಎಂದೇ ಬರೆಯಲಿ. ಬೆಂಗಳೂರಿನ ಆ ಓದುಗರಿಗೆ ಆಗಿದ್ದು ಈ ಹೆಸರಿನ ಮೋಸ. ಅದರ ಪೆಟ್ಟು ಬೀಳುವುದು ನಮ್ಮಂಥ ಎರಡು ಕೋಣೆಯ ಮನೆಗಳಿಗೆ. ಒಮ್ಮೆ ಬೇಸರಪಟ್ಟು ಹೋದವರು ಜಿಲ್ಲೆಯ ಎಲ್ಲ ಹೋಂಸ್ಟೇ ಹೀಗೇ ಎಂದುಕೊಳ್ಳುತ್ತಾರೆ.

‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎಂದು ನಮ್ಮತ್ತೆ ಹೇಳುತ್ತಿದ್ದರು. ಯಾಣಕ್ಕೆ ಹೋಗಲು ಕಾಡಿನಲ್ಲಿ ನಡೆಯುವ ಮೈಕಸುವು ಬೇಕಿದ್ದ ಕಾಲದ ಮಾತು. ಈಗ ಕಾರು ಹತ್ತಿರದವರೆಗೆ ಹೋಗುತ್ತದೆ, 120 ಮೀಟರಿನ ಭೈರವೇಶ್ವರ ಶಿಖರದ ಮುಂದೆ ನಿಂತು ಹತ್ತು ನಿಮಿಷದಲ್ಲಿ ವಾಪಸಾಗಬಹುದು. ಯಾಣಕ್ಕೂ ಈಗ ರೊಕ್ಕವೇ. ಅಷ್ಟು ರೊಕ್ಕ ಕೊಟ್ಟು ಬಂದವರನ್ನು ಪನ್ನೀರು ಬಡಿಸಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಆ ಓದುಗರು ಮತ್ತೊಮ್ಮೆ ಈ ಕಡೆ ಬರಬೇಕೆಂದು ನನ್ನ ಆಸೆ. ಈ ಸಲ ನಮ್ಮ ಕೊಯ್ಲು ಡಿಸೆಂಬರ್ ಎರಡನೇ ವಾರ ಶುರು. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಕೇಳಿದರೆ ಕೊಡಿ. ವಾರ ಮೊದಲು ತಿಳಿಸಿದರೆ ಮೆತ್ತಿನ ಕೋಣೆ ಗುಡಿಸಿ ಇಡುತ್ತೇನೆ. ಊಟ ಮಾತ್ರ ತಡವಾಗುತ್ತದೆ, ಸುಲಿಯುವವರು ಕತ್ತಿ ಕೆಳಗಿಟ್ಟ ಮೇಲೆ.

— ಹೋಂಸ್ಟೇ ನಡೆಸುವ ಗೃಹಿಣಿ, ಶಿರಸಿ ತಾಲ್ಲೂಕು