ನೋಡದೇ ಸಹಿ ಹಾಕಿದ ಚೆಕ್ಕಿಂಗ್ ಚೀಟಿಯ ಬಗ್ಗೆ ದೂರು

ಇವರಿಗೆ,
ಮ್ಯಾನೇಜರ್, ಟ್ರೇಲರ್ ಬಾಡಿಗೆ ವಿಭಾಗ,
ಕಳಂಬೋಲಿ ಯಾರ್ಡ್, ನವಿ ಮುಂಬೈ

ನಮಸ್ಕಾರ ಸರ್,

ಕಳೆದ ವಾರ ನಿಮ್ಮ ಯಾರ್ಡಿನಿಂದ 40 ಅಡಿಯ ಟ್ರೇಲರ್ ಬಾಡಿಗೆಗೆ ಪಡೆದೆ. ಹಾರ್ಸ್, ಅಂದರೆ ಮುಂದೆ ಎಳೆಯುವ ಇಂಜಿನ್ ಗಾಡಿ ನನ್ನದು, ಟ್ರೇಲರ್ ನಿಮ್ಮದು. ಪುಣೆ ಹತ್ತಿರದ ಚಾಕಣದಿಂದ ಎಕ್ಸ್‌ಪೋರ್ಟ್ ಕಂಟೇನರ್ ತಂದು ನ್ಹಾವಾ ಶೇವಾ ಬಂದರಿಗೆ ಮುಟ್ಟಿಸಬೇಕಿತ್ತು.

"ಎಲ್ಲಾ ಚೆಕ್ ಆಗಿದೆ ಅಣ್ಣ, ಹೊರಡಿ" ಎಂದು ನಿಮ್ಮ ಸೂಪರ್‌ವೈಸರ್ ಚೀಟಿ ಕೊಟ್ಟರು. ಎಲ್ಲದಕ್ಕೂ ಟಿಕ್, ಕೆಳಗೆ ಸಹಿ. 'ಏರ್ ಲೀಕ್ ಇಲ್ಲ' ಅಂತಲೂ ಇತ್ತು. ಆಗ ಟ್ರೇಲರ್‌ಗೆ ಬ್ರೇಕಿನ ಗಾಳಿ ಕೊಡುವ ಏರ್ ಪೈಪನ್ನೇ ಜೋಡಿಸಿರಲಿಲ್ಲ! ಗಾಳಿ ತುಂಬದೆ ಲೀಕ್ ಇಲ್ಲ ಅಂತ ಗೊತ್ತಾಗಿದ್ದು ಹೇಗೆ ಸರ್?

ಪೈಪ್ ಜೋಡಿಸಿ, ಗಾಳಿ ತುಂಬಿಸಿ, ಇಂಜಿನ್ ಬಂದ್ ಮಾಡಿ ಬ್ರೇಕ್ ಒತ್ತಿ ಹಿಡಿದೆ. ಗಾಳಿಯ ಒತ್ತಡ ತೋರಿಸುವ ಮೀಟರ್ ಮುಳ್ಳು ಇಳಿಯುತ್ತಲೇ ಹೋಯಿತು. ಹಿಂದಿನ ಆಕ್ಸಲ್ ಹತ್ತಿರ ಬುಸ್ ಅನ್ನುವುದು ಕ್ಲೀನರ್‌ಗೂ ಕೇಳಿಸಿತು. ಟಾರ್ಚ್ ಬಿಟ್ಟು ನೋಡಿದರೆ ಅದೇ ಆಕ್ಸಲ್‌ನ ಲೈನರ್ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕ್ ಪಟ್ಟಿ) ಸವೆದು ರಿವೆಟ್ ಕಾಣುತ್ತಿತ್ತು. ಏರ್ ಟ್ಯಾಂಕಿನಲ್ಲಿ ನೀರು. ಕಂಟೇನರ್ ಮೂಲೆಯನ್ನು ಟ್ರೇಲರ್‌ಗೆ ಬಿಗಿಯುವ ಒಂದು ಟ್ವಿಸ್ಟ್ ಲಾಕ್ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಟೇಲ್ ಲೈಟ್ ಬಿಡಿ, ಅದು ಯಾವ ಟ್ರೇಲರ್‌ನಲ್ಲಿ ಸರಿ ಇರುತ್ತೆ.

ಲೋಡ್ ಹೊತ್ತು ಖಂಡಾಲಾ ಘಾಟ್ ಇಳಿಯಬೇಕು. ಟ್ರೇಲರ್ ಬ್ರೇಕ್ ಹಿಡಿಯದಿದ್ದರೆ ಅಷ್ಟೂ ಭಾರ ಹಾರ್ಸ್ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ ಕಾದು ಆ ಬ್ರೇಕೂ ಸೋಲುತ್ತದೆ. ಹಿಂದಿನಿಂದ ಟ್ರೇಲರ್ ದೂಡಿದರೆ ಜೋಡಣೆಯ ಹತ್ತಿರ ಗಾಡಿ ಮಡಚಿಕೊಳ್ಳುತ್ತದೆ. ಲಾಕ್ ಬೀಳದ ಕಂಟೇನರ್ ತಿರುವಿನಲ್ಲಿ ಯಾರ ಕಾರಿನ ಮೇಲೆ ಮಗುಚುತ್ತೋ!

ಇದನ್ನು ಹೇಳಿದ್ದಕ್ಕೆ "ಎಫ್‌ಸಿ (ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್) ಇದೆಯಲ್ಲ" ಎಂಬ ಉತ್ತರ ಬಂತು. ಎಫ್‌ಸಿ ಮಾಡಿಸಿದ ದಿನ ಬ್ರೇಕ್ ಸರಿ ಇತ್ತು ಅಂದುಕೊಳ್ಳೋಣ. ಆಮೇಲೆ ಲೈನರ್ ಸವೆಯೋದಿಲ್ವಾ? ನಿಮ್ಮ ಮೆಕ್ಯಾನಿಕ್ ಊಟಕ್ಕೆ ಹೋದವರು ಬರಲೇ ಇಲ್ಲ. ಕೊನೆಗೆ ಹೊರಗಿನ ಗ್ಯಾರೇಜಿನಲ್ಲಿ ನನ್ನ ದುಡ್ಡಲ್ಲೇ ಲೈನರ್, ಪೈಪ್, ಲಾಕ್ ಸರಿ ಮಾಡಿಸಿದೆ. ಸರಕಿನ ಪಾರ್ಟಿ, ಗಾಡಿ ತಡವಾದ ಹಾಲ್ಟಿಂಗ್ ದುಡ್ಡನ್ನೂ ನನ್ನ ಬಾಡಿಗೆಯಲ್ಲಿ ಹಿಡಿದುಕೊಂಡಿದೆ.

ಗ್ಯಾರೇಜ್ ಬಿಲ್, ಹಳೆ ಲೈನರ್ ಫೋಟೋ, ನಿಮ್ಮ ಚೀಟಿಯ ನಕಲು ಜೊತೆಗಿವೆ. ರಿಪೇರಿ ಖರ್ಚು ಮತ್ತು ಹಾಲ್ಟಿಂಗ್ ಎರಡೂ ನೀವು ಕೊಡಬೇಕು. ಇನ್ನು ಮುಂದೆ ಹಾರ್ಸ್ ಜೋಡಿಸಿದ ಮೇಲೆ, ಡ್ರೈವರ್ ಎದುರಿಗೇ ಚೆಕ್ ಮಾಡಿ ಇಬ್ಬರೂ ಸಹಿ ಹಾಕಬೇಕು. ಸುಮ್ನೆ ಟಿಕ್ ಹಾಕಿದ ಚೀಟಿಯನ್ನು ನಾನು ತೆಗೆದುಕೊಳ್ಳುವುದಿಲ್ಲ. ಹದಿನೈದು ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ ಇದೇ ಕಾಗದಪತ್ರ ಹಿಡಿದು ಆರ್‌ಟಿಒ ಕಚೇರಿಗೆ ಹೋಗುತ್ತೇನೆ.

ಇಂತಿ,
ನಿಮ್ಮ ಟ್ರೇಲರ್ ಬಾಡಿಗೆದಾರ