ಕಡಲ ಮೇಲೆ ನಮ್ಮ ಕೈ ಹಿಡಿದವರಿಗೆ

ಪಾರ್ಶ್ವವಾಯುವಿನಿಂದ ಎಡಗೈ, ಎಡಗಾಲಿನ ಬಲ ಕಳೆದುಕೊಂಡಿದ್ದ ನಮ್ಮ ಯಜಮಾನರು ಈ ಚಳಿಗಾಲದಲ್ಲಿ ನನ್ನೊಂದಿಗೆ ಲಕ್ಷದ್ವೀಪದ ಹಡಗು ಪ್ರವಾಸ ಮುಗಿಸಿ ಸುಖವಾಗಿ ಕೊಪ್ಪಳಕ್ಕೆ ಮರಳಿದ್ದಾರೆ. ಈ ವಯಸ್ಸಿನಲ್ಲಿ ಇದು ನಮ್ಮಿಬ್ಬರಿಂದಲೇ ಆಗುವ ಕೆಲಸವಾಗಿರಲಿಲ್ಲ. ನೆರವಾದವರಲ್ಲಿ ಹಲವರ ಹೆಸರು ನಮಗೆ ತಿಳಿಯದು, ಕೆಲವರ ಭಾಷೆಯೂ ಬಾರದು. ಆದ್ದರಿಂದ ಎಲ್ಲರಿಗೂ ಬಹಿರಂಗವಾಗಿಯೇ ಕೃತಜ್ಞತೆ ಸಲ್ಲಿಸುತ್ತಿದ್ದೇನೆ.

ಸೊಂಟದ ಮಟ್ಟದ ಬೆಚ್ಚನೆಯ ನೀರಿನಲ್ಲಿ ನಡೆದರೆ ದೇಹದ ಭಾರ ಕಡಿಮೆಯಾಗಿ ಸೋತ ಕಾಲಿಗೆ ಅಭ್ಯಾಸವಾಗುತ್ತದೆ ಎಂದು ಫಿಜಿಯೋಥೆರಪಿ ಮಾಡಿಸುತ್ತಿದ್ದವರು ಹೇಳಿದ್ದರು. ಚಳಿಗೆ ಬೆರಳುಗಳು ಮರಗಟ್ಟುವ ನಮ್ಮ ಊರಿನ ಬೆಳಗಿನಲ್ಲಿ ಅಂಥ ನೀರನ್ನು ಎಲ್ಲಿಂದ ತರುವುದು? ಗವಿಮಠದ ಅಜ್ಜನ ಜಾತ್ರೆ ಮುಗಿದ ಮೇಲೆ ಹೊರಡುವಂತೆ ಮಗಳು ಎಲ್ಲವನ್ನೂ ಹೊಂದಿಸಿದಳು. ದ್ವೀಪ ಪ್ರವೇಶದ ಪರವಾನಗಿಯಿಂದ ಹಿಡಿದು ಹಂಪಿ ಎಕ್ಸ್‌ಪ್ರೆಸ್ಸಿನ ಕೆಳಗಿನ ಬರ್ತಿನವರೆಗೆ ಅವಳೇ ಓಡಾಡಿದಳು. ಸೊಸೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ನೆರೆಯವರು ಮನೆ ನೋಡಿಕೊಂಡರು. ಇವರೆಲ್ಲರ ಋಣ ದೊಡ್ಡದು.

ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಲ್ಲಿ ನಾವು ಏರಿದ್ದು ಎಂ.ವಿ. ಕವರತ್ತಿ ಎಂಬ ಹಡಗನ್ನು. ವಿಶಾಖಪಟ್ಟಣದಲ್ಲಿ ಕಟ್ಟಿದ ಈ ಹಡಗು ಸುಮಾರು 700 ಜನರನ್ನು ಹೊರುತ್ತದೆ. ರಾತ್ರಿಯೆಲ್ಲ ಪ್ರಯಾಣ, ಹಗಲಿಗೆ ಒಂದು ದ್ವೀಪ, ಸಂಜೆ ಮತ್ತೆ ಹಡಗು, ಇದು ಕ್ರಮ. ಆದರೆ ದ್ವೀಪಗಳ ಸುತ್ತ ಹವಳದ ದಿಬ್ಬಗಳಿದ್ದು ಒಳಗಿನ ನೀರು ಆಳವಿಲ್ಲದ ಕಾರಣ ದೊಡ್ಡ ಹಡಗು ದಡದ ಬಳಿ ಹೋಗಲಾರದು. ಹೊರಗೆ ಕಡಲಲ್ಲೇ ನಿಲ್ಲುತ್ತದೆ. ಪಕ್ಕದ ಬಾಗಿಲಿಗೆ ಬಂದು ತಾಗುವ ಸಣ್ಣ ದೋಣಿಗೆ ಇಳಿಯಬೇಕು. ಆ ದೋಣಿಯೋ, ಒಂದು ಅಲೆಗೆ ನಮ್ಮ ಮೊಣಕಾಲೆತ್ತರಕ್ಕೆ ಏರುತ್ತದೆ, ಮರುಗಳಿಗೆ ಕೆಳಗೆ ಜಾರುತ್ತದೆ. ಅದನ್ನು ಕಂಡು ನನ್ನ ಎದೆ ಧಸಕ್ಕೆಂದಿತು. ದೋಣಿಯವನೊಬ್ಬ ಅಂಗೈ ಎತ್ತಿ ನಮ್ಮನ್ನು ತಡೆದು ನಿಲ್ಲಿಸಿ, ಎರಡು ಅಲೆಗಳನ್ನು ಸುಮ್ಮನೆ ಹೋಗಗೊಟ್ಟು, ಮೂರನೆಯದು ದೋಣಿಯನ್ನು ಬಾಗಿಲ ಮಟ್ಟಕ್ಕೆ ಎತ್ತಿದ ಕ್ಷಣದಲ್ಲಿ ಕೈ ಕೆಳಗಿಳಿಸಿದ. ಮೇಲಿನಿಂದ ಇಬ್ಬರು ಕಂಕುಳಿಗೆ ಕೈಕೊಟ್ಟರು, ಕೆಳಗಿನಿಂದ ಇಬ್ಬರು ನಡು ಹಿಡಿದರು. ಯಜಮಾನರು ನನ್ನ ಕಡೆ ತಿರುಗಿ, "ನೀ ಅಂಜಬ್ಯಾಡ, ಇವರು ನನ್ನ ಬಿಡಂಗಿಲ್ಲ" ಎಂದರು. ಪ್ರತಿ ದ್ವೀಪದಲ್ಲೂ, ಹೋಗುವಾಗಲೂ ಬರುವಾಗಲೂ, ಆ ಜನ ಒಮ್ಮೆಯೂ ಬೇಸರಿಸಲಿಲ್ಲ. ಸಾಲು ನಿಂತರೂ ಹಿಂದಿನವರು ಅವಸರಪಡಿಸಲಿಲ್ಲ. ಅವರೆಲ್ಲರಿಗೂ ಕೈಮುಗಿಯುತ್ತೇನೆ.

ಕಲ್ಪೇನಿ ದ್ವೀಪದ ಆ ಹಗಲು ನಮಗೆ ದೊರೆತ ಭಾಗ್ಯವೆಂದೇ ಭಾವಿಸಿದ್ದೇನೆ. ಹೊರಗಿನ ತೆರೆಗಳು ಹವಳದ ದಿಬ್ಬಕ್ಕೆ ಬಡಿದು ಅಲ್ಲೇ ಮುರಿಯುವುದರಿಂದ ಒಳಗಿನ ನೀರು ಕೆರೆಯಂತೆ ಶಾಂತವಾಗಿರುತ್ತದೆ, ಬಿಸಿಲಿಗೆ ಬೆಚ್ಚಗಾಗಿರುತ್ತದೆ, ಕಾಲ ಬೆರಳು ಎಣಿಸುವಷ್ಟು ತಿಳಿಯಾಗಿರುತ್ತದೆ. ಪ್ರವಾಸಿಗರನ್ನು ಕಾಯುವ ತರುಣನೊಬ್ಬ ಯಜಮಾನರ ಊರುಗೋಲನ್ನು ಮರಳಿನಲ್ಲಿ ನೆಟ್ಟು, ತಾನು ಹಿಂದೆ ಹಿಂದೆ ಹೆಜ್ಜೆ ಇಡುತ್ತ, ಅವರ ಎರಡೂ ಕೈ ಹಿಡಿದು ನೀರಿಗೆ ಕರೆದೊಯ್ದ. ಸ್ವಲ್ಪ ಹೊತ್ತಿನ ಮೇಲೆ ಒಂದು ಕೈ ಬಿಟ್ಟ. ಆಮೇಲೆ ಇನ್ನೊಂದನ್ನೂ ಬಿಟ್ಟು, ಮುಟ್ಟುವ ದೂರದಲ್ಲೇ ನಿಂತ. ಕಾಯಿಲೆ ಬಿದ್ದ ಮೇಲೆ ಯಾರ ಆಸರೆಯೂ ಇಲ್ಲದೆ ಅವರು ನಡೆದದ್ದು ಅದೇ ಮೊದಲು. ನೀರು ರೋಗವನ್ನು ತೊಳೆಯಿತು ಎಂದು ನಾನು ಹೇಳುವುದಿಲ್ಲ. ಮಾತ್ರೆಗಳೂ ದಿನನಿತ್ಯದ ವ್ಯಾಯಾಮವೂ ಈಗಲೂ ನಡೆದಿವೆ. ಆದರೆ ಬಿದ್ದುಬಿಟ್ಟೇನೆಂಬ ಅಂಜಿಕೆ ಅವರನ್ನು ಬಿಟ್ಟುಹೋಯಿತು, ಅದು ನನಗೆ ಸಾಕಷ್ಟಾಯಿತು.

ಮಿನಿಕಾಯ್ ದ್ವೀಪಕ್ಕೆ ಹೋಗುವ ದಾರಿಯಲ್ಲಿ ನೈನ್ ಡಿಗ್ರಿ ಚಾನೆಲ್ ಎಂಬ ಕಡಲ ಹರವನ್ನು ದಾಟುವಾಗ ಹಡಗು ಓಲಾಡಿ ನನಗೆ ವಾಂತಿಯಾಯಿತು. ಹಡಗಿನ ವೈದ್ಯರು ಮಾತ್ರೆ ಕೊಟ್ಟು, ರಾತ್ರಿ ಇನ್ನೊಮ್ಮೆ ಬಂದು ವಿಚಾರಿಸಿದರು. ಮಾಂಸಾಹಾರ ಮುಟ್ಟದ ನಮಗಾಗಿ ಅಡುಗೆಯವರು ಪ್ರತ್ಯೇಕವಾಗಿ ಬೇಳೆ ಸಾರು, ಮೊಸರನ್ನ ತೆಗೆದಿಡುತ್ತಿದ್ದರು. 1885ರ ಮಿನಿಕಾಯ್ ದೀಪಸ್ತಂಭವನ್ನು ಯಜಮಾನರು ಹತ್ತಲಾಗಲಿಲ್ಲ. ಕೆಳಗೆ ಕುಳಿತಿದ್ದ ಅವರಿಗೆ ಆ ಊರಿನ ಹೆಣ್ಣುಮಗಳೊಬ್ಬಳು ತಾನಾಗಿ ಎಳನೀರು ತಂದುಕೊಟ್ಟು, ಹಣ ಕೊಡಹೋದರೆ ಒಪ್ಪಲಿಲ್ಲ. ಆ ತಾಯಿಗೂ ನಮ್ಮ ವಂದನೆಗಳು.

ಕಲ್ಪೇನಿಯ ಆ ತರುಣನ ಹೆಸರನ್ನು ಕೇಳಿದ್ದೆವು, ಗಾಳಿಯಲ್ಲಿ ಸರಿಯಾಗಿ ಕೇಳಿಸಲಿಲ್ಲ. ನಮ್ಮ ಕಡೆಯಿಂದ ಯಾರಾದರೂ ಮುಂದಿನ ಮಳೆಗಾಲಕ್ಕೆ ಮೊದಲು ಅಲ್ಲಿಗೆ ಹೋಗುವವರಿದ್ದರೆ ದಯವಿಟ್ಟು ನಮಗೆ ತಿಳಿಸಬೇಕು. ಅವನಿಗೆ ಕಳಿಸಲೆಂದು ಯಜಮಾನರು ತಾವೇ ಕಿನ್ನಾಳಕ್ಕೆ ಹೋಗಿ ಗೊಂಬೆಯೊಂದನ್ನು ಆರಿಸಿ ತಂದಿಟ್ಟಿದ್ದಾರೆ.